ಹಾದೀಲೇ ಸಿಗುತ್ತೆ ಬಿಡು

ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದೆ. ಭಾವನ ಮೆಸೇಜು ಬಂತು: 'ಕೊಲ್ಲೂರಿಗೆ ಹೋದಮೇಲೆ ಮುರುಡೇಶ್ವರ ಬಿಡೋಕಾಗುತ್ತಾ? ಹಾದೀಲೇ ಸಿಗುತ್ತೆ.' ತುತ್ತು ಗಂಟಲಲ್ಲೇ ನಿಂತಿತು.

ಕ್ರಿಸ್‌ಮಸ್ ರಜೆಗೆ ಮನೆಮಂದಿಯೆಲ್ಲ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗಿಬರೋಣ ಅಂತ ಶುರುವಾದದ್ದು ಇದು. ಮೊದಲು ಪಟ್ಟಿಯಲ್ಲಿದ್ದದ್ದು ಶೃಂಗೇರಿ, ಹೊರನಾಡು, ಧರ್ಮಸ್ಥಳ, ಅಷ್ಟೇ. ಧರ್ಮಸ್ಥಳದವರೆಗೆ ಹೋಗಿ ಕುಕ್ಕೆಗೆ ಹೋಗದಿದ್ದರೆ ಹೇಗೆ ಅಂದರು ಅತ್ತೆ. ಘಟ್ಟ ಇಳಿದಮೇಲೆ ಉಡುಪಿ, ಕೊಲ್ಲೂರು ಬಿಡೋಕಾಗಲ್ಲ. ಮಕ್ಕಳಿಗೆ ಬೀಚು ಬೇಕು. ಸರಿ, ಒಪ್ಪೋಣ.

ಆದರೆ ಭಾವನ ಪ್ರಕಾರ ಕರ್ನಾಟಕದಲ್ಲಿ ಹಾದಿಯಲ್ಲಿ ಸಿಗದ ಊರೇ ಇಲ್ಲ. ಅವರು ದೂರ ಅಳೆಯುವುದು ಮೊಬೈಲ್ ಮೇಲೆ ಹೆಬ್ಬೆರಳಿಟ್ಟು. 'ನೋಡು, ಹೊರನಾಡು ಇಲ್ಲಿ, ಧರ್ಮಸ್ಥಳ ಇಲ್ಲಿ. ಒಂದು ಬೆರಳು!' ನಿಜ, ನೆಟ್ಟಗೆ ಅಳೆದರೆ 40 ಕಿಲೋಮೀಟರೂ ಇಲ್ಲ. ಆದರೆ ಆ ಬೆರಳಿನ ಕೆಳಗೆ ಪಶ್ಚಿಮ ಘಟ್ಟ ಇದೆಯಲ್ಲ! ಕಳಸ, ಕೊಟ್ಟಿಗೆಹಾರ ಸುತ್ತಿ, ಚಾರ್ಮಾಡಿ ತಿರುವುಗಳನ್ನೆಲ್ಲ ಇಳಿದು ಉಜಿರೆಗೆ ಬರಬೇಕು. ತಿರುವಿಗೊಮ್ಮೆ ವಾಂತಿ ಮಾಡುವ ಮಗು ಅವರದೇ. ಅದಕ್ಕೆ ಪ್ಲಾನಿನಲ್ಲಿ ಟೈಮೇ ಇಟ್ಟಿಲ್ಲ.

ಟೈಮ್ ಅಂದೆನಲ್ಲ, ಅದಕ್ಕೂ ಒಂದು ಎಕ್ಸೆಲ್ ಶೀಟು ಮಾಡಿದ್ದಾರೆ. 'ಧರ್ಮಸ್ಥಳ ದರ್ಶನ: 20 ನಿಮಿಷ.' ಅದೂ ಸೋಮವಾರ! ಮಂಜುನಾಥನ ಸನ್ನಿಧಿಯಲ್ಲಿ ಸೋಮವಾರ 20 ನಿಮಿಷದಲ್ಲಿ ಕ್ಯೂನ ಬಾಲ ಸಿಕ್ಕರೆ ಪುಣ್ಯ. 'ಶೃಂಗೇರಿ: ಮಧ್ಯಾಹ್ನ 2.30.' ಶಾರದಾಂಬೆಯ ಬಾಗಿಲು ಮುಚ್ಚುವುದೇ 2 ಗಂಟೆಗೆ, ಮತ್ತೆ ತೆಗೆಯುವುದು ಸಂಜೆಗೆ. ಹೇಳಿದರೆ 'ಗೋಪುರ ನೋಡಿದ್ರೂ ದರ್ಶನವೇ' ಅಂತಾರೆ. ಮುರುಡೇಶ್ವರಕ್ಕೆ ಇಟ್ಟಿರುವುದು ಬರೀ 5 ನಿಮಿಷ. ಯಾಕೆ ಅಂದರೆ, 'ಶಿವನ ಮೂರ್ತಿ 123 ಅಡಿ ಇದೆಯಪ್ಪ. ಗಾಡಿಯಿಂದಲೇ ಕಾಣಿಸುತ್ತೆ, ಇಳಿಯೋದೇ ಬೇಡ.' ಹಾಗಿದ್ದರೆ ಮನೆಯಲ್ಲೇ ಫೋಟೋಕ್ಕೆ ಕೈಮುಗಿದು ಮಲಗಬಹುದಲ್ವಾ? ಡೀಸೆಲ್ಲೂ ಉಳಿಯುತ್ತೆ.

ಪಟ್ಟಿಗೆ ಏನನ್ನೂ ಸೇರಿಸದವರು ಅಮ್ಮ ಒಬ್ಬರೇ. ಕೇಳಿದರೆ 'ನೀವು ಕರ್ಕೊಂಡು ಹೋದಲ್ಲಿಗೆ ಬರ್ತೀನಿ' ಅಂದರು. ಆಮೇಲೆ ಪಾತ್ರೆ ಒರೆಸುತ್ತಾ, 'ತುಂಗೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರೋಕಾಗುತ್ತಾ? ನಿಮ್ಮಪ್ಪ ಇದ್ದಾಗ ಮೀನು ನೋಡ್ತಾ ಸಂಜೆವರೆಗೂ ಕೂತಿದ್ವಿ' ಅಂದರು. ಈಗ ಅವರ ಮಂಡಿಗೆ ಆ ಮೆಟ್ಟಿಲು ಇಳಿಯುವುದಕ್ಕೇ ಕಾಲು ಗಂಟೆ ಬೇಕು. ಶೀಟಿನಲ್ಲಿ ನೋಡಿದೆ. 'ನದಿ, ಮೀನು, ಫೋಟೋ: 10 ನಿಮಿಷ.'

ಬೆಳಿಗ್ಗೆ ಎದ್ದವನೇ ಯಾರನ್ನೂ ಕೇಳದೆ ಶೃಂಗೇರಿಯಲ್ಲಿ ರಾತ್ರಿ ಉಳಿಯಲು ರೂಮು ಬುಕ್ ಮಾಡಿಬಿಟ್ಟೆ. ಮುರುಡೇಶ್ವರ ಕೈಬಿಟ್ಟಿತು ಅಂತ ಭಾವ ಗ್ರೂಪಿನಿಂದಲೇ ಎದ್ದು ಹೋಗಿದ್ದಾರೆ. ಅವರನ್ನು ವಾಪಸ್ ಕರೆತರುವುದು ಅಕ್ಕನ ಪಾಲಿನ ಕೆಲಸ. ನನಗೆ ಟಿಟಿ ಡ್ರೈವರ್ ಹತ್ತಿರ ಅವನ ದಿನದ ಬಾಟಾ (ಭತ್ಯೆ) ಚೌಕಾಸಿ ಮಾಡುವುದಿದೆ.