3000 ಜನರ ಬಾಯಿಗೆ ಬೀಗ

ಬೆಳಗಿನ ಜಾವ ಐದಕ್ಕೆ ಫೋನು. ತಿಪಟೂರಿನಿಂದ ಚಿಕ್ಕಪ್ಪ. "ಏನಪ್ಪಾ, ಕೆಲಸ ಹೋಯ್ತಂತೆ?"

ಇದು ಎರಡು ತಿಂಗಳ ಹಿಂದಿನ ಮಾತು. ಕೆಲಸ ಹೋಗಿದ್ದು ಸೋಮವಾರ. ಹೇಳಿದ್ದು ಅಕ್ಕನೊಬ್ಬಳಿಗೇ, ಅದೂ ಅಮ್ಮನ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸಿ. ಬುಧವಾರಕ್ಕೆ ಸುದ್ದಿ ಕೊಬ್ಬರಿ ಮಂಡಿ ಮುಟ್ಟಿತ್ತು. ಚಿಕ್ಕಪ್ಪನಿಗೆ ಹೇಳಿದ್ದು ಅಕ್ಕನೂ ಅಲ್ಲ, ಅಮ್ಮನೂ ಅಲ್ಲ. ಮಂಡಿಯಲ್ಲಿ ಲೆಕ್ಕ ಬರೆಯುವವರು! ನಮ್ಮವರ ಹೊಟ್ಟೆಯಲ್ಲಿ ಒಂದು ಮಾತಾದರೂ ನಿಲ್ಲುತ್ತಾ ಅಂತ ಮೈಯೆಲ್ಲ ಉರಿದುಹೋಯಿತು. ಇಲ್ಲಿ ಷಿಕಾಗೋದಲ್ಲಿ ನೋಡಿ, ಪಕ್ಕದ ಮನೆಯಾತ ಎರಡು ತಿಂಗಳಿಂದ ನನ್ನನ್ನು ನೋಡುತ್ತಿದ್ದಾನೆ. ಹಾಡಹಗಲು ಹನ್ನೊಂದಕ್ಕೆ ಪೈಜಾಮದಲ್ಲಿ ನಿಂತು ಹಿಮ ಗೋರುತ್ತಿರುತ್ತೇನೆ. ಕೈ ಬೀಸುತ್ತಾನೆ, ಒಳಗೆ ಹೋಗುತ್ತಾನೆ. ಒಂದು ಪ್ರಶ್ನೆ ಇಲ್ಲ.

ಹೋದ ಶನಿವಾರ ಮಗಳನ್ನು ಇಲ್ಲಿನ ವಿಜ್ಞಾನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನೆಲದಡಿಯ ಹಾಲಿನಲ್ಲಿ ಎರಡನೇ ಮಹಾಯುದ್ಧದ ಒಂದು ಜರ್ಮನ್ ಸಬ್‌ಮರೀನ್ ಇಟ್ಟಿದ್ದಾರೆ. ಹೆಸರು ಯು-505. ಸುಮಾರು 76 ಮೀಟರ್ ಉದ್ದ. ಒಳಗೆ ಹೋದರೆ ನಮ್ಮ ರೈಲಿನ ಸ್ಲೀಪರ್ ಬೋಗಿಯೇ ವಿಶಾಲ ಅನಿಸುತ್ತದೆ. ಒಬ್ಬ ಕಾವಲಿಗೆ ಎದ್ದುಹೋದರೆ ಅದೇ ಹಾಸಿಗೆಗೆ ಇನ್ನೊಬ್ಬ, ಇನ್ನೂ ಬೆಚ್ಚಗಿರುವಾಗಲೇ. ತಿಂಗಳುಗಟ್ಟಲೆ ಸ್ನಾನವಿಲ್ಲ.

1941ರ ಆಗಸ್ಟ್‌ನಲ್ಲಿ ಸೇವೆಗೆ ಇಳಿದದ್ದು. ಮೊದಲ ಕ್ಯಾಪ್ಟನ್ ಲೋವೆ ಏಳು ಹಡಗು ಮುಳುಗಿಸಿದ. ಕೊನೆಯದು ಕೊಲಂಬಿಯಾದ ಒಂದು ಹಾಯಿ ಹಡಗು. ಹಾಯಿ ಹಡಗಿಗೆ ಹೊಡೆದರೆ ಶನಿ ಹೆಗಲೇರುತ್ತಾನೆ ಅಂತ ನಾವಿಕರ ನಂಬಿಕೆ. ಏರಿದ ಅಂತಲೇ ಇಟ್ಟುಕೊಳ್ಳಿ. ಮುಂದಿನ ಕ್ಯಾಪ್ಟನ್ ಚೆಹ್ ಮುಳುಗಿಸಿದ್ದು ಒಂದೇ ಹಡಗು. 1942ರ ನವೆಂಬರ್‌ನಲ್ಲಿ ಟ್ರಿನಿಡಾಡ್ ಹತ್ತಿರ ವಿಮಾನವೊಂದು ಬಾಂಬ್ ಹಾಕಿ ಯು-505 ದೋಣಿಯನ್ನು ಜಜ್ಜಿಹಾಕಿತು. ಆ ಸ್ಫೋಟಕ್ಕೆ ವಿಮಾನವೇ ಸಮುದ್ರಕ್ಕೆ ಬಿತ್ತು. ಮುರುಕು ದೋಣಿ ಹೇಗೋ ಅಟ್ಲಾಂಟಿಕ್ ದಾಟಿ, ಆಗ ಜರ್ಮನಿಯ ಹಿಡಿತದಲ್ಲಿದ್ದ ಫ್ರಾನ್ಸಿನ ಲೋರಿಯಾಂ ಬಂದರು ಸೇರಿತು.

ರಿಪೇರಿಗೇ ಆರು ತಿಂಗಳಿಗೂ ಹೆಚ್ಚು ಹಿಡಿಯಿತು. ಆಮೇಲೆ ಹೊರಟಾಗಲೆಲ್ಲ ಒಂದಲ್ಲ ಒಂದು ಕೆಟ್ಟು ವಾಪಸ್. ಅಲ್ಲಿ ಕೆಲಸಕ್ಕಿದ್ದ ಫ್ರೆಂಚರು ಗುಟ್ಟಾಗಿ ಕೈಯಾಡಿಸುತ್ತಿದ್ದರು. ಒಮ್ಮೆ ಎಣ್ಣೆ ಟ್ಯಾಂಕಿಗೆ ಪೆನ್ಸಿಲ್ ದಪ್ಪದ ತೂತು ಕೊರೆದಿದ್ದರು. ಹೋದ ದಾರಿಯುದ್ದಕ್ಕೂ ನೀರ ಮೇಲೆ ಎಣ್ಣೆ ಗೆರೆ. ಬಂದರಿನಲ್ಲಿ ಮಾತು ಶುರುವಾಯಿತು. ಏನೇ ಆಗಲಿ ತಪ್ಪದೆ ಮನೆಗೆ ವಾಪಸ್ ಬರುವ ಕ್ಯಾಪ್ಟನ್ ಅಂದರೆ ಚೆಹ್ ಒಬ್ಬನೇ ಅಂತ ಜೊತೆಯವರ ಗೇಲಿ. ಅದು ಅವನ ಕಿವಿಗೂ ಬಿತ್ತು. 1943ರ ಅಕ್ಟೋಬರ್ 24ರಂದು ಮೇಲಿನಿಂದ ಹಾಕಿದ ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯುವ ಬಾಂಬ್, ಸಿಡಿಯುತ್ತಿದ್ದಾಗ, ನೀರೊಳಗೇ, ತನ್ನವರ ಎದುರಿಗೇ ಅವನು ಪಿಸ್ತೂಲಿನಿಂದ ತಲೆಗೆ ಹೊಡೆದುಕೊಂಡ. ಕೈಕೆಳಗಿನ ಅಧಿಕಾರಿ ಪಾಲ್ ಮೇಯರ್ ದೋಣಿ ಉಳಿಸಿ ತಂದ.

ಗೇಲಿಯೇ ಅವನನ್ನು ಕೊಂದಿತು ಅಂತ ನಾನು ಹೇಳಲ್ಲ. ಆದರೆ ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಮಂಡಿಯೇ. ಹತ್ತು ಜನ ಸೇರಿದ ಕಡೆ ಬಾಯಿ ಸುಮ್ನೆ ಇರುತ್ತಾ?

ಇರುತ್ತಂತೆ! 1944ರ ಜೂನ್ 4, ಪಶ್ಚಿಮ ಆಫ್ರಿಕಾದ ಆಚೆ ಸಮುದ್ರ. ಕ್ಯಾಪ್ಟನ್ ಡ್ಯಾನಿಯೆಲ್ ಗ್ಯಾಲರಿಯ ಅಮೆರಿಕನ್ ಪಡೆ ಯು-505 ಅನ್ನು ಮೇಲೆಬ್ಬಿಸಿತು. ಜರ್ಮನ್ನರು ನೀರಿಗೆ ಹಾರಿದರು. ಚುಕ್ಕಾಣಿ ಸಿಕ್ಕಿಬಿದ್ದು ದೋಣಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಆಲ್ಬರ್ಟ್ ಡೇವಿಡ್ ಎಂಬ ಲೆಫ್ಟಿನೆಂಟ್ ಕೆಲವರನ್ನು ಕಟ್ಟಿಕೊಂಡು ಅದರ ಮೇಲೆ ಹಾರಿ ಒಳಗಿಳಿದ. ಬಾಂಬ್ ಇಟ್ಟಿದ್ದಾರೋ ಏನೋ ಗೊತ್ತಿಲ್ಲ. ದೋಣಿ ಮುಳುಗಲಿ ಅಂತ ಜರ್ಮನ್ನರು ಬಿಚ್ಚಿಟ್ಟ ಕೊಳವೆಯಿಂದ ನೀರು ನುಗ್ಗುತ್ತಿತ್ತು. ಅದರ ಮುಚ್ಚಳ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು. ಎತ್ತಿ ಬಿಗಿದರು. ನನ್ನ ಮಗಳಿಗೆ ಇಡೀ ಕಥೆಯಲ್ಲಿ ಇಷ್ಟವಾಗಿದ್ದು ಈ ಮುಚ್ಚಳವೇ.

ಸಿಕ್ಕಿದ್ದು ಬರೀ ದೋಣಿಯಲ್ಲ. ಸಂದೇಶಗಳನ್ನು ಗುಪ್ತ ಸಂಕೇತಕ್ಕೆ ತಿರುಗಿಸುವ ಎನಿಗ್ಮಾ ಯಂತ್ರ, ಸಂಕೇತದ ಪುಸ್ತಕಗಳ ರಾಶಿ. ಇದು ಜರ್ಮನಿಗೆ ಗೊತ್ತಾದರೆ ಸಂಕೇತ ಬದಲಾಯಿಸುತ್ತಾರೆ, ಎಲ್ಲಾ ನೀರಲ್ಲಿ ಹೋಮ. ಅದಕ್ಕೇ ದೋಣಿಯನ್ನು ಬರ್ಮುಡಾಗೆ ಎಳೆದೊಯ್ದು ಅಡಗಿಸಿದರು. ಪಡೆಯಲ್ಲಿದ್ದ ಸುಮಾರು 3000 ನಾವಿಕರಿಗೆ ಬಾಯಿ ಬಿಡಬೇಡಿ ಅಂತ ಅಪ್ಪಣೆ. ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡ ಸಾಮಾನೂ ವಾಪಸ್ ಕೊಡಬೇಕು. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದ ಮೇಲೆ ಸರ್ಕಾರವೇ ಹೇಳುವವರೆಗೆ ಸುದ್ದಿ ಹೊರಬೀಳಲಿಲ್ಲ. 3000 ಜನ, ಹನ್ನೊಂದು ತಿಂಗಳು! ನಮ್ಮಲ್ಲಿ ಇಬ್ಬರು, ಎರಡು ದಿನ. ಅದೂ ಆಣೆ ಬೇರೆ ಹಾಕಿಸಿದ್ದೆ.

ಭಾನುವಾರ ರಾತ್ರಿ ಚಿಕ್ಕಪ್ಪನಿಗೆ ಫೋನು ಮಾಡಿದೆ. ಸ್ವಲ್ಪ ಚುಚ್ಚೋಣ ಅಂತಲೇ. ಅಲ್ಲಿ ಸೋಮವಾರ ಬೆಳಗ್ಗೆ, ಲೋಟದ ಸದ್ದು ಕೇಳಿಸುತ್ತಿತ್ತು. ಪೂರ್ತಿ ಹೇಳಿ, "ನೋಡಿ, ಗುಟ್ಟು ಅಂದರೆ ಇದು" ಅಂದೆ.

"ಹಿಡಿದರಲ್ಲ, ಆ ಜರ್ಮನ್ ಹುಡುಗರು ಏನಾದ್ರು?"

ನಾನು ಬಿಟ್ಟಿದ್ದೇ ಆ ಭಾಗ. 59 ಜನರಲ್ಲಿ ಒಬ್ಬ ಸತ್ತ, 58 ಜನ ಬದುಕಿದ್ದರು. ಅವರನ್ನು ಲೂಸಿಯಾನಾದ ರಸ್ಟನ್ ಶಿಬಿರದಲ್ಲಿ ಬೇರೆ ಕೈದಿಗಳಿಂದ ದೂರ ಇಟ್ಟರು. ಕಾಗದ ಇಲ್ಲ, ರೆಡ್‌ಕ್ರಾಸ್‌ನವರನ್ನೂ ಬಿಡಲಿಲ್ಲ. ಜರ್ಮನ್ ನೌಕಾಪಡೆ ದೋಣಿ ಮುಳುಗಿತು ಅಂತ ಲೆಕ್ಕ ಹಾಕಿತು. ಮನೆಗಳಿಗೆ ಸಾವಿನ ಸುದ್ದಿ ಹೋಯಿತು.

ಯುದ್ಧ ಅಂದರೆ ಹಾಗೆಯೇ ಬಿಡಿ ಚಿಕ್ಕಪ್ಪ, ಅಂದೆ. ಗುಟ್ಟು ಕಾದದ್ದು ಸರಿಯೇ, ಅದನ್ನು ಈಗಲೂ ಹೇಳುತ್ತೇನೆ. ಇನ್ನೊಂದನ್ನೂ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಮಂಡಿಯಲ್ಲಿ ಲೆಕ್ಕ ಬರೆಯುವವರ ಅಳಿಯ ಡಲ್ಲಾಸ್‌ನಲ್ಲಿದ್ದಾರೆ. ಹೋದ ವಾರ ಅವರೇ ಫೋನು ಮಾಡಿ ನನ್ನ ರೆಸ್ಯೂಮೆ ಕೇಳಿದರು. ಗುರುವಾರ ಇಂಟರ್‌ವ್ಯೂ. ಪಕ್ಕದ ಮನೆಯಾತ ಇನ್ನೂ ಕೈ ಬೀಸುತ್ತಿದ್ದಾನೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೋಟ ಕೆಳಗಿಟ್ಟ ಸದ್ದು.

"ಅಂದ್ರೆ ವೈಕುಂಠ ಸಮಾರಾಧನೆ ಎಲ್ಲಾ ಮುಗಿಸಿಬಿಟ್ಟಿದ್ರು ಅನ್ನು," ಅಂದರು. "3000 ಜನ ಇದ್ರಲ್ಲೋ. ಒಬ್ಬನಾದ್ರೂ ಬಾಯಿ ಬಿಡಬಾರದಿತ್ತಾ?"