ಕಡತವೆಲ್ಲ ಸರಿಯಿತ್ತು, ರಾಜ್ಯವಷ್ಟೇ ಹೋಯಿತು

ರಷ್ಯದ ಕ್ರಾಂತಿ ಎಂದಕೂಡಲೇ ಲೆನಿನ್ನನ ಗಡ್ಡ ಕಣ್ಣಮುಂದೆ ಬರುತ್ತದೆ. ಪಾಪ, 1917ರಲ್ಲಿ ಝಾರ್ ಎರಡನೇ ನಿಕೊಲಸ್ ಗದ್ದುಗೆ ಬಿಟ್ಟಿಳಿದಾಗ ಲೆನಿನ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಬಾಡಿಗೆ ಕೋಣೆಯಲ್ಲಿದ್ದ. ಸುದ್ದಿ ಅವನ ಕಿವಿಗೆ ಬಿದ್ದದ್ದೇ ಎಲ್ಲ ಮುಗಿಯುವ ಹೊತ್ತಿಗೆ. ಗದ್ದುಗೆ ಉರುಳಿಸುವ ಕೆಲಸವನ್ನು ಸರ್ಕಾರ ಯಾರಿಗೂ ಗುತ್ತಿಗೆ ಕೊಟ್ಟಿರಲಿಲ್ಲ. ಎರಡೂವರೆ ವರ್ಷ ಕೂತು, ರುಜು ಮೊಹರಿನ ಸಮೇತ, ತಾನೇ ಮಾಡಿ ಮುಗಿಸಿತ್ತು.

ಮೊದಲ ಕಾಗದ ಹೆಸರಿನದ್ದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ತಿಂಗಳೇ ರಾಜಧಾನಿಯ ಹೆಸರು ಬದಲಾಯಿತು. 'ಸೇಂಟ್ ಪೀಟರ್ಸ್‌ಬರ್ಗ್' ಕೇಳಲು ಜರ್ಮನ್ ಥರ ಇದೆ ಎಂದು 'ಪೆಟ್ರೊಗ್ರಾಡ್' ಮಾಡಿದರು. ಅರಮನೆಯಲ್ಲಿದ್ದ ರಾಣಿ ಅಲೆಕ್ಸಾಂಡ್ರಾ ಜರ್ಮನಿಯ ಹೆಸ್ಸೆಯವಳು. ಅವಳಿಗೆ ಬೋರ್ಡು ಇರಲಿಲ್ಲವಾದ್ದರಿಂದ ಬದಲಾಯಿಸಲಾಗಲಿಲ್ಲ. 1916ರಲ್ಲಿ ಪ್ರಧಾನಿ ಹುದ್ದೆಗೆ ಹುಡುಕಿ ತಂದವರ ಹೆಸರು ಸ್ಟ್ಯೂರ್ಮರ್. ಇದಕ್ಕಿಂತ ಜರ್ಮನ್ ಹೆಸರು ಬರ್ಲಿನ್ನಿನಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ.

ಎರಡನೇ ಕಾಗದ ವೋಡ್ಕಾದ್ದು. ವೋಡ್ಕಾ ಮಾರಾಟ ಸರ್ಕಾರದ ಏಕಸ್ವಾಮ್ಯ. ಬೊಕ್ಕಸದ ಕಾಲು ಭಾಗಕ್ಕೂ ಮಿಕ್ಕ ವರಮಾನ ಅದರಿಂದಲೇ ಬರುತ್ತಿತ್ತು. ಅಲ್ಲಿಯವರೆಗೆ ಜಗತ್ತು ಕಂಡ ಅತಿ ದುಬಾರಿ ಯುದ್ಧಕ್ಕೆ ಇಳಿದ ಹೊತ್ತಿಗೇ ಅಂಗಡಿಗೆ ಬೀಗ. ಸೈನಿಕ ಕುಡಿಯದೆ ರೈಲು ಹತ್ತಲಿ ಎಂಬ ಉದ್ದೇಶವೇನೋ ಒಳ್ಳೆಯದೇ, ಸೈನ್ಯ ಜಮಾವಣೆಯೂ ಅಚ್ಚುಕಟ್ಟಾಗಿ ನಡೆಯಿತು. ಆದರೆ ಜಮಾವಣೆ ಮುಗಿದ ಮೇಲೂ, ಯುದ್ಧ ಮುಗಿಯುವ ತನಕ ನಿಷೇಧ ಎಂದರು. ಮೊದಲ ದರ್ಜೆಯ ರೆಸ್ಟೋರೆಂಟುಗಳಿಗೆ ಮಾತ್ರ ವಿನಾಯಿತಿ; ದೊಡ್ಡವರು ಕುಡಿದರೆ ಅದು ಊಟದ ಭಾಗವಲ್ಲವೇ. ಹಳ್ಳಿಯವನು ತನ್ನ ಧಾನ್ಯದಲ್ಲೇ ಕಳ್ಳಭಟ್ಟಿ ಇಳಿಸಿಕೊಂಡ. ಅಮಲು ಹಾಗೇ ಉಳಿಯಿತು, ಆದಾಯ ಹೋಯಿತು.

ಹೋದ ಆದಾಯಕ್ಕೆ ಸಾಲವೂ ಸಾಲದೆ ಬಂದಾಗ ಅಚ್ಚಿನ ಯಂತ್ರಕ್ಕೆ ಕೈ ಹಾಕಿದರು. 1914ರ ಬೇಸಗೆಯಲ್ಲಿ ಚಲಾವಣೆಯಲ್ಲಿದ್ದ ನೋಟು ಸುಮಾರು 160 ಕೋಟಿ ರೂಬಲ್. 1917ರ ಜನವರಿಗೆ 900 ಕೋಟಿ ದಾಟಿತ್ತು. ಈಗ ರೈತನ ಲೆಕ್ಕ ನೋಡಿ. ಕಾರ್ಖಾನೆಗಳೆಲ್ಲ ಫಿರಂಗಿ ಗುಂಡು ಮಾಡುತ್ತಿವೆ, ಹಾಗಾಗಿ ಮೊಳೆ ಇಲ್ಲ, ಬಟ್ಟೆ ಇಲ್ಲ, ಸೀಮೆಎಣ್ಣೆ ಇಲ್ಲ. ಗೋಧಿ ಮಾರಿದರೆ ಸಿಗುವುದು ನೋಟು, ಅದರಿಂದ ಕೊಳ್ಳಲು ಅಂಗಡಿಯಲ್ಲಿ ಏನೂ ಇಲ್ಲ. ಅದರ ಮೇಲೆ ಸರ್ಕಾರ ಧಾನ್ಯಕ್ಕೆ ಬೆಲೆ ಕಟ್ಟಿತು. ಮೊಳೆಗೆ, ಬಟ್ಟೆಗೆ ಕಟ್ಟಲಿಲ್ಲ. ರೈತ ಗೋಧಿಯನ್ನು ಕಣಜದಲ್ಲೇ ಇಟ್ಟ, ಹಂದಿಗೆ ಹಾಕಿದ, ಮಿಕ್ಕಿದ್ದನ್ನು ಭಟ್ಟಿಗೆ ಸುರಿದ. ಕಪ್ಪುಸಮುದ್ರದಿಂದ ಹೊರಹೋಗುವ ಡಾರ್ಡನೆಲ್ಸ್ ಜಲಸಂಧಿಯನ್ನು ಟರ್ಕಿ ಮುಚ್ಚಿದ ಮೇಲೆ ಪರದೇಶಕ್ಕೆ ಧಾನ್ಯ ಹೋಗುವುದೂ ನಿಂತಿತ್ತು. ಅಂದರೆ ದೇಶದಲ್ಲಿ ಕಾಳಿಗೆ ಬರವಿರಲಿಲ್ಲ. ಅದು ಇರಬೇಕಾದ ಊರಿನಲ್ಲಿ ಇರಲಿಲ್ಲ, ಅಷ್ಟೇ.

ಆ ಊರಿಗೆ ತರಬೇಕಾದದ್ದು ರೈಲು. ಶಾಂತಿಕಾಲದಲ್ಲಿ ಪೆಟ್ರೊಗ್ರಾಡಿನ ಕಾರ್ಖಾನೆಗಳು ಉರಿಸುತ್ತಿದ್ದದ್ದು ಹಡಗಿನಲ್ಲಿ ಬರುವ ಇಂಗ್ಲೆಂಡಿನ ಕಲ್ಲಿದ್ದಲು. ಬಾಲ್ಟಿಕ್ ಸಮುದ್ರವನ್ನು ಜರ್ಮನ್ನರು ಮುಚ್ಚಿದರು. ಇನ್ನು ದಕ್ಷಿಣದ ದೊನೆತ್ಸ್ ಗಣಿಯಿಂದ ಸುಮಾರು ಸಾವಿರ ಮೈಲಿ ಅದೇ ಹಳಿಯ ಮೇಲೆ ಕಲ್ಲಿದ್ದಲೂ ಬರಬೇಕು, ಹಿಟ್ಟೂ ಬರಬೇಕು, ಸೈನ್ಯದ ಗುಂಡೂ ಹೋಗಬೇಕು. ದುರಸ್ತಿಗೆ ಹೋದ ಎಂಜಿನ್ ವಾಪಸ್ ಬರುವುದಿಲ್ಲ, ಏಕೆಂದರೆ ದುರಸ್ತಿ ಕಾರ್ಖಾನೆಯೂ ಗುಂಡು ಮಾಡುತ್ತಿದೆ. 1917ರ ಆರಂಭದ ಕಡುಚಳಿಯಲ್ಲಿ ಎಂಜಿನ್ನಿನ ಬಾಯ್ಲರುಗಳು ಒಡೆದವು, ಸಾವಿರಾರು ವ್ಯಾಗನ್ನುಗಳು ಹಿಮದಲ್ಲಿ ಹೂತು ನಿಂತವು. ಪೆಟ್ರೊಗ್ರಾಡಿನ ಎಷ್ಟೋ ಬೇಕರಿಗಳಲ್ಲಿ ಹಿಟ್ಟಿದ್ದರೆ ಸೌದೆಯಿಲ್ಲ, ಸೌದೆಯಿದ್ದರೆ ಹಿಟ್ಟಿಲ್ಲ.

ಇದನ್ನೆಲ್ಲ ಸರಿಪಡಿಸಲು ಮಂತ್ರಿಗಳಿದ್ದರು. ಒಬ್ಬಿಬ್ಬರಲ್ಲ. 1916ರ ಜನವರಿಯಿಂದ ಒಂದು ವರ್ಷದೊಳಗೆ ಪ್ರಧಾನಿ ಕುರ್ಚಿ ಮೂರು ಸಲ ಕೈ ಬದಲಾಯಿತು: ಗೊರೆಮಿಕಿನ್ ಹೋಗಿ ಸ್ಟ್ಯೂರ್ಮರ್, ಅವರು ಹೋಗಿ ತ್ರೆಪೊವ್, ಅವರೂ ಹೋಗಿ ಗೊಲಿತ್ಸಿನ್. ಒಬ್ಬರ ಬೆನ್ನ ಮೇಲೊಬ್ಬರು ಹಾರುವ ಮಕ್ಕಳಾಟ ಎಂದು ಇದನ್ನು ಕರೆದದ್ದು ಯಾವ ಕ್ರಾಂತಿಕಾರಿಯೂ ಅಲ್ಲ, ರಾಜನ ಪರಮಭಕ್ತ ಪುರಿಷ್ಕೆವಿಚ್. ಎಪ್ಪತ್ತು ದಾಟಿದ ಗೊರೆಮಿಕಿನ್ 1914ರಲ್ಲಿ ಮತ್ತೆ ಪ್ರಧಾನಿಯಾದಾಗ, ಕರ್ಪೂರ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದ ಹಳೇ ತುಪ್ಪಳದ ಕೋಟು ತಾನೆಂದು ಹೇಳಿಕೊಂಡಿದ್ದರು. ಗೊಲಿತ್ಸಿನ್ ಇನ್ನೂ ಪ್ರಾಮಾಣಿಕರು. ತಾವು ಈ ಹುದ್ದೆಗೆ ಎಷ್ಟು ನಾಲಾಯಕ್ ಎಂದು ಝಾರನ ಮುಂದೆ ವಿವರವಾಗಿ ವರ್ಣಿಸಿದರಂತೆ. ಬೇರೆ ಯಾರಾದರೂ ತಮ್ಮ ಬಗ್ಗೆ ಹಾಗೆ ಹೇಳಿದ್ದರೆ ದ್ವಂದ್ವಯುದ್ಧಕ್ಕೆ ಕರೆಯುತ್ತಿದ್ದೆ ಎಂದು ಆಮೇಲೆ ಅವರೇ ನೆನೆದರು. ನೇಮಕಾತಿ ಆದೇಶ ಮಾತ್ರ ಹೊರಟೇಬಿಟ್ಟಿತು.

ಝಾರ್ ಎಲ್ಲಿದ್ದ? 1915ರಲ್ಲಿ ವಾರ್ಸಾ ಕೈತಪ್ಪಿದ ಮೇಲೆ ದಂಡನಾಯಕನ ಪಟ್ಟವನ್ನು ತಾನೇ ವಹಿಸಿಕೊಂಡು ಸೇನೆಯ ಮುಖ್ಯ ಠಾಣೆಯಿದ್ದ ದೂರದ ಮೊಗಿಲೆವ್‌ಗೆ ಹೋಗಿ ಕೂತ. ಸೇನಾ ಲೆಕ್ಕಾಚಾರವನ್ನು ಜನರಲ್ ಅಲೆಕ್ಸೆಯೆವ್ ಮಾಡುತ್ತಿದ್ದರು, ಸೋಲಿನ ಹೆಸರು ಝಾರನದಾಯಿತು. ರಾಜಧಾನಿಯನ್ನು ರಾಣಿ ನೋಡಿಕೊಂಡಳು, ರಾಣಿಯನ್ನು 1916ರ ಡಿಸೆಂಬರಿನಲ್ಲಿ ಕೊಲೆಯಾಗುವ ತನಕ ಅವಳ ನೆಚ್ಚಿನ ದೇವಮಾನವ ರಾಸ್‌ಪುಟಿನ್ ನೋಡಿಕೊಂಡ.

ಇನ್ನು ಆ ಕೊನೆಯ ವಾರ. ರಷ್ಯದ ಪಂಚಾಂಗ ಯುರೋಪಿಗಿಂತ 13 ದಿನ ಹಿಂದಿತ್ತು. ನಾನು ಹೇಳುವ ತಾರೀಖೆಲ್ಲ ಅವರದೇ. ಫೆಬ್ರವರಿ 22ರಂದು ಪುಟಿಲೊವ್ ಕಾರ್ಖಾನೆ ಸಾವಿರಾರು ಕೆಲಸಗಾರರನ್ನು ಹೊರಗಿಟ್ಟು ಬಾಗಿಲು ಹಾಕಿತು. ಅದೇ ದಿನ ಝಾರ್ ಮೊಗಿಲೆವ್ ರೈಲು ಹತ್ತಿದ. 23 ಮಹಿಳಾ ದಿನ. ವೈಬೊರ್ಗ್ ಭಾಗದ ಜವಳಿ ಗಿರಣಿಯ ಹೆಂಗಸರು ಬ್ರೆಡ್ಡಿನ ಸರತಿಯಲ್ಲಿ ನಿಂತು ಸಾಕಾಗಿ ಬೀದಿಗಿಳಿದರು. ಕಡುಚಳಿ ಇಳಿದಿತ್ತು, ಬೀದಿಯಲ್ಲಿ ನಿಲ್ಲುವಂತಿತ್ತು. ಚಳಿ ಜೋರಾಗಿದ್ದರೆ ಇವರೆಲ್ಲ ಮನೆಯಲ್ಲೇ ಇರುತ್ತಿದ್ದರೇನೋ ಎಂದು ರಾಣಿ ಗಂಡನಿಗೆ ಬರೆದಳು. ಅಲ್ಲಿಗೆ ಚಳಿಯೊಂದನ್ನೇ ಕಾನೂನು ಸುವ್ಯವಸ್ಥೆ ಇಲಾಖೆಗೆ ಸೇರಿಸಿರಲಿಲ್ಲ.

ಜಿಲ್ಲಾ ಸೇನಾಧಿಕಾರಿ ಜನರಲ್ ಖಬಾಲೊವ್ ಪ್ರಕಟಣೆ ಹೊರಡಿಸಿದರು: ಹಿಟ್ಟು ಸಾಕಷ್ಟಿದೆ, ಜನ ಹೆದರಿ ಹೆಚ್ಚು ಬ್ರೆಡ್ ಕೊಂಡು ರಸ್ಕ್ ಮಾಡಿಟ್ಟುಕೊಳ್ಳುತ್ತಿರುವುದರಿಂದ ಕೆಲವರಿಗೆ ಸಿಗುತ್ತಿಲ್ಲ. ಉಗ್ರಾಣದ ಲೆಕ್ಕದ ಪ್ರಕಾರ ಅದು ಸುಳ್ಳೂ ಅಲ್ಲ. ಕಡತದಲ್ಲಿರುವ ಹಿಟ್ಟನ್ನು ತಿನ್ನಲು ಜನರಿಗೆ ಬರಲಿಲ್ಲ ಎಂಬುದೊಂದೇ ತೊಡಕು. ಗುಂಪು ಚದುರಿಸಲು ಕುದುರೆ ಸವಾರರಾದ ಕೊಸಾಕರನ್ನು ಕರೆದರೆ ಅವರ ಕೈಯಲ್ಲಿ ಚಾಟಿಯೇ ಇರಲಿಲ್ಲ. ಚಾಟಿ ಕೊಳ್ಳಲು ತಲಾ 50 ಕೊಪೆಕ್, ಅಂದರೆ ಅರ್ಧ ರೂಬಲ್, ಮಂಜೂರಾಯಿತು. ಮಂಜೂರಾತಿ ಚಾಟಿಯಾಗುವ ಮೊದಲೇ ಮುಷ್ಕರ ಹೂಡಿದವರ ಸಂಖ್ಯೆ ಎರಡು ಲಕ್ಷ ದಾಟಿತ್ತು.

25ರ ರಾತ್ರಿ ಮೊಗಿಲೆವ್‌ನಿಂದ ತಂತಿ ಬಂತು: ರಾಜಧಾನಿಯ ಗಲಭೆ ನಾಳೆಯೇ ನಿಲ್ಲತಕ್ಕದ್ದು. 26ರಂದು ಸೈನಿಕರು ಗುಂಡು ಹಾರಿಸಿದರು, ಝ್ನಾಮೆನ್ಸ್ಕಾಯ ಚೌಕದಲ್ಲಿ ಹೆಣ ಬಿದ್ದವು. 27ರ ಬೆಳಿಗ್ಗೆ, ಹಿಂದಿನ ದಿನ ಗುಂಡು ಹಾರಿಸಿದ ಅದೇ ವೊಲಿನ್ಸ್ಕಿ ದಳದವರು ತಮ್ಮ ಅಧಿಕಾರಿಯನ್ನೇ ಕೊಂದು ಜನರ ಕಡೆ ನಡೆದರು. ಬ್ಯಾರಕ್ಕುಗಳಲ್ಲಿ ಒತ್ತೊತ್ತಾಗಿ ತುಂಬಿದ್ದವರು ಹೊಸಬರು, ಗಾಯ ಮಾಯ್ದು ಮತ್ತೆ ಮುಂಚೂಣಿಗೆ ಹೊರಡಬೇಕಿದ್ದವರು. ಒಂದಾದ ಮೇಲೊಂದು ದಳ ಹೊರಬಂತು.

ಮಂತ್ರಿಮಂಡಲ ಸುಮ್ಮನಿರಲಿಲ್ಲ. ಝಾರ್ ಮೊದಲೇ ರುಜು ಮಾಡಿ, ತಾರೀಖು ಖಾಲಿ ಬಿಟ್ಟು ಕೊಟ್ಟಿದ್ದ ಆದೇಶವಿತ್ತು. ಗೊಲಿತ್ಸಿನ್ ತಾರೀಖು ತುಂಬಿ ಡುಮಾ ಎಂಬ ಸಂಸತ್ತಿನ ಅಧಿವೇಶನವನ್ನು ಮುಂದೂಡಿದರು. ಊರೆಲ್ಲ ಬೈಯುತ್ತಿದ್ದ ಗೃಹಮಂತ್ರಿ ಪ್ರೊತೊಪೊಪೊವ್‌ರನ್ನು ತೆಗೆಯೋಣವೆಂದರೆ ಆ ಅಧಿಕಾರ ಝಾರನಿಗೆ ಮಾತ್ರ. ದಯವಿಟ್ಟು ಕಾಯಿಲೆ ಬೀಳಿ ಎಂದು ಕೇಳಿಕೊಂಡರು. ಅವರು ಬಿದ್ದರು. ಆಮೇಲೆ ನಗರಕ್ಕೆ ಮುತ್ತಿಗೆ ಸ್ಥಿತಿ ಘೋಷಿಸಿ ಸಾವಿರದಷ್ಟು ಪ್ರತಿ ಅಚ್ಚು ಹಾಕಿಸಿದರು. ಗೋಡೆಗೆ ಹಚ್ಚೋಣವೆಂದರೆ ಗೋಂದಿಲ್ಲ, ಕುಂಚವೂ ಇಲ್ಲ. ಅಲೆಕ್ಸಾಂಡರ್ ಉದ್ಯಾನದ ಕಬ್ಬಿಣದ ಬೇಲಿಗೆ ಕೆಲವನ್ನು ಸಿಕ್ಕಿಸಿ ಬರಲು ಪೊಲೀಸಿನವರನ್ನು ಕಳಿಸಿದರು. ಬೆಳಗಾಗುವಾಗ ಅವು ಅಡ್ಮಿರಾಲ್ಟಿ ಚೌಕದಲ್ಲಿ ಗಾಳಿಗೆ ಹಾರಾಡುತ್ತಿದ್ದವು.

28ರ ಮುಂಜಾನೆ ಝಾರ್ ರಾಜಧಾನಿಗೆ ಹೊರಟ. ದಂಗೆ ಅಡಗಿಸಲು ಹೋಗುವ ಪಡೆಯ ರೈಲಿಗೆ ಅಡ್ಡಿಯಾಗಬಾರದೆಂದು ಸುತ್ತುದಾರಿ ಹಿಡಿದ. ಮಾಲಾಯ ವಿಶೆರಾದಿಂದ ಮುಂದೆ ಹಳಿ ಬಂಡುಕೋರರ ಕೈಯಲ್ಲಿದೆ ಎಂಬ ಸುದ್ದಿ ಬಂದು ತಿರುಗಿ ಪ್ಸ್ಕೊವ್ ಸೇರಿದ. ಮಾರ್ಚ್ 2ರ ರಾತ್ರಿ ಹನ್ನೆರಡಾಗುವ ಹೊತ್ತಿಗೆ ಅಲ್ಲೇ ರೈಲುಡಬ್ಬಿಯಲ್ಲಿ ರಾಜೀನಾಮೆಗೆ ರುಜು. ಕಾಗದದ ಮೇಲೆ ಬರೆದ ವೇಳೆ ಮಾತ್ರ ಮಧ್ಯಾಹ್ನ 3. ಹೊಸ ಪ್ರಧಾನಿ ಲ್ವೊವ್‌ರ ನೇಮಕಾತಿಗೆ ಬರೆದ ವೇಳೆ ಮಧ್ಯಾಹ್ನ 2, ಏಕೆಂದರೆ ರಾಜನಲ್ಲದವನು ನೇಮಿಸಿದರೆ ಸಿಂಧುವಾಗುವುದಿಲ್ಲ. ಮಗನ ಹಕ್ಕನ್ನೂ ಬಿಟ್ಟುಕೊಟ್ಟು ತಮ್ಮ ಮಿಖಾಯಿಲ್‌ಗೆ ಪಟ್ಟ ಬರೆದ. ಅದಕ್ಕೆ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ.

ಮಿಖಾಯಿಲ್ ಮರುದಿನವೇ ಒಲ್ಲೆ ಎಂದ. ಅಲ್ಲಿ ಇನ್ನೊಂದು ತಕರಾರು: ಪಟ್ಟವನ್ನೇ ಒಪ್ಪದವನು ನಿರಾಕರಣೆ ಪತ್ರದಲ್ಲಿ ತನ್ನನ್ನು ಚಕ್ರವರ್ತಿ ಎಂದು ಬರೆದುಕೊಳ್ಳಬಹುದೇ? ಬೇಡ ಎಂದು ತೀರ್ಮಾನವಾಯಿತು. ಮಿಲ್ಯೊನ್ನಾಯ ಬೀದಿಯ ಆ ಮನೆಯಲ್ಲಿ ಕೂತು ಬರೆಯಲು ಸಿಕ್ಕಿದ ಜಾಗ ಮನೆಯ ಹುಡುಗಿ ಪಾಠ ಓದುವ ಪುಟ್ಟ ಡೆಸ್ಕು. 304 ವರ್ಷ ಆಳಿದ ರೊಮಾನೊವ್ ವಂಶದ ಕೊನೆಯ ಕಾಗದವನ್ನು ಕಾನೂನು ಪಂಡಿತ ನಬೊಕೊವ್ ಮೊಣಕಾಲು ಮಡಚಿಕೊಂಡು ಅಲ್ಲೇ ಬರೆದು ಮುಗಿಸಿದ.