ನಜೀರ್ ಸಾಬರ ಫೋಟೊಗೆ ಹಾರ ಹಾಕುವ ಮೊದಲು

ಕರ್ನಾಟಕದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ತೀರಿಕೊಂಡದ್ದು 1988ರಲ್ಲಿ. ಇಂದಿಗೂ ಪಂಚಾಯತ್ ರಾಜ್ ವಿಷಯ ಬಂದ ಕಡೆಯಲ್ಲೆಲ್ಲ ಅವರ ಹೆಸರು ಬಂದೇ ಬರುತ್ತದೆ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರದೇ ಹೆಸರು. ಎಲ್ಲ ಪಕ್ಷದವರೂ ಅವರನ್ನು ಹೊಗಳುತ್ತಾರೆ. ಅದೇ ನಾಯಕರ ಕಣ್ಣೆದುರಿಗೇ ನಮ್ಮ ಜಿಲ್ಲಾ ಪಂಚಾಯಿತಿಗಳು ಬಿಕೋ ಎನ್ನುವಂತಾದವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ನಾವು 2016ರ ಫೆಬ್ರುವರಿಯಲ್ಲಿ ಮತ ಹಾಕಿದೆವು. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಗ ಇದ್ದ ಸರ್ಕಾರವೂ ಸಕಾಲಕ್ಕೆ ಚುನಾವಣೆ ನಡೆಸಲಿಲ್ಲ, ಅದರ ನಂತರ ಬಂದ ಸರ್ಕಾರವೂ ಅವಸರ ತೋರಿಸಲಿಲ್ಲ. ಇದನ್ನು ನೋಡಿಕೊಂಡು ನಜೀರ್ ಸಾಬರಿಗೆ ಶ್ರದ್ಧಾಂಜಲಿ ಸಲ್ಲಿಸುವವರ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಅವರು ಗುಂಡ್ಲುಪೇಟೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರ ಕೈಗೆ ಬಂತು. ಮಳೆ ಕೈಕೊಟ್ಟ ವರ್ಷಗಳವು. ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸಕ್ಕೆ ಅವರು ಹಗಲಿರುಳೆನ್ನದೆ ನಿಂತರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಸರ್ಕಾರ ಕೊಡುವ ಯಾವ ಪ್ರಶಸ್ತಿಯೂ ಆ ಹೆಸರಿಗೆ ಸಮವಲ್ಲ.

ನಂಜನಗೂಡು ಸೀಮೆಯ ನಮ್ಮೂರಿಗೆ ಬೋರ್ ಕೊರೆಯುವ ಲಾರಿ ಬಂದಾಗ ನಾನು ಇನ್ನೂ ಶಾಲೆಗೆ ಸೇರಿರದ ಹುಡುಗ. ಅದಕ್ಕೂ ಮೊದಲು ನಮ್ಮ ಕೇರಿಯ ಹೆಂಗಸರು ಊರ ಬಾವಿಯಿಂದ ದೂರದಲ್ಲಿ ಕೊಡ ಇಟ್ಟು ನಿಂತಿರಬೇಕಿತ್ತು. ಮೇಲುಜಾತಿಯವರು ಯಾರಾದರೂ ಮನಸ್ಸು ಮಾಡಿ, ಸೇದಿ, ಮೇಲಿನಿಂದ ಹುಯ್ಯುವವರೆಗೆ ಕಾಯಬೇಕಿತ್ತು. ಬೋರ್ ಕೊರೆದದ್ದು ಕೇರಿಯ ಬಾಯಲ್ಲಿ. ಮೊದಲು ಬೂದಿಯಂಥ ಕಲ್ಲುಪುಡಿ ಚಿಮ್ಮಿತು, ಆಮೇಲೆ ಕೆಸರು, ಆಮೇಲೆ ನೀರು. ಕೆಲವು ದಿನ ಕಳೆದ ಮೇಲೆ ಸಿಮೆಂಟು ಕಟ್ಟೆ ಕಟ್ಟಿ ಕೈಪಂಪು ಕೂರಿಸಿದರು. ಅದರ ಉದ್ದನೆಯ ಹಿಡಿಗೆ ನಾವು ಮಕ್ಕಳು ಇಬ್ಬಿಬ್ಬರು ಜೋತುಬಿದ್ದರಷ್ಟೇ ಅದು ಕೆಳಗಿಳಿಯುತ್ತಿತ್ತು. ನಮ್ಮ ಅವ್ವ ಯಾರನ್ನೂ ಕೇಳದೆ ತನ್ನ ಕೊಡವನ್ನು ತಾನೇ ತುಂಬಿಸಿಕೊಂಡಳು. ಬೇಸಿಗೆಯಲ್ಲಿ ಊರ ಬಾವಿ ಬತ್ತಿದಾಗ ಮೇಲಿನ ಬೀದಿಯವರೂ ಅದೇ ಪಂಪಿಗೆ ಬಂದರು. ಸಾಲಿನಲ್ಲಿ ನಿಂತರು.

ಆದರೆ ಅವರನ್ನು ಬರೀ ಬೋರ್‌ವೆಲ್ ಮಂತ್ರಿ ಎಂದು ನೆನೆಯುವುದು ಅವರಿಗೆ ಮಾಡುವ ಅನ್ಯಾಯ. ಪಂಪು ಹಾಕಿಸುವ ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಪಂಪು ಕೆಟ್ಟರೆ ದುರಸ್ತಿ ಮಾಡಿಸುವ ಅಧಿಕಾರ ಯಾರದು ಎಂದು ಯೋಚಿಸಿದವರು ನಜೀರ್ ಸಾಬ್. 1983ರಲ್ಲಿ ರೂಪುಗೊಂಡು 1985ರಲ್ಲಿ ಜಾರಿಗೆ ಬಂದ ಜಿಲ್ಲಾ ಪರಿಷತ್ (ಇಂದಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಮತ್ತು ಮಂಡಲ ಪಂಚಾಯಿತಿ (ಕೆಲವು ಹಳ್ಳಿಗಳಿಗೆ ಸೇರಿ ಒಂದು ಪಂಚಾಯಿತಿ) ಕಾಯ್ದೆಯ ಹಿಂದೆ ಇದ್ದದ್ದು ಈ ಯೋಚನೆ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. 19 ಜಿಲ್ಲಾ ಪರಿಷತ್ತುಗಳು, ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯರು. ಡಿ.ಸಿ. ಸಾಹೇಬರೆಂದರೆ ದೇವರೆಂದು ನಂಬಿದ್ದ ಜಿಲ್ಲೆಗಳಲ್ಲಿ ಜನರಿಂದ ಗೆದ್ದು ಬಂದವನ ಕುರ್ಚಿ ಮೇಲಕ್ಕೆ ಹೋಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಯಿತು. ಒಂದೇ ಚುನಾವಣೆಯಲ್ಲಿ ಸುಮಾರು 14 ಸಾವಿರ ಹೆಂಗಸರು ಗೆದ್ದು ಬಂದರು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಇಡೀ ದೇಶದಲ್ಲಿ ಜಾರಿಯಾದದ್ದು 1993ರಲ್ಲಿ ಎಂಬುದನ್ನು ನೆನಪಿಡಿ.

ಆ ಹೆಂಗಸರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರು. ಮೊದಮೊದಲು ಸಭೆಗೆ ದೊಡ್ಡಪ್ಪನೂ ಜೊತೆಗೆ ಹೋಗುತ್ತಿದ್ದರು, ಏನು ಹೇಳಬೇಕೆಂದು ದಾರಿಯಲ್ಲೇ ಹೇಳಿಕೊಡುತ್ತಿದ್ದರು. ಹೆಂಗಸರ ಹೆಸರಿನಲ್ಲಿ ಗಂಡಂದಿರ ದರ್ಬಾರು ಎಂದು ಊರಿನವರು ಆಡಿಕೊಂಡದ್ದು ಸುಳ್ಳಲ್ಲ. ಆದರೆ ಕೈಪಂಪಿನ ವಾಷರ್ ಸವೆದು ನೀರು ನಿಂತಾಗ ದೊಡ್ಡಪ್ಪನಿಗೆ ಅದು ಗೊತ್ತೇ ಇರಲಿಲ್ಲ, ಏಕೆಂದರೆ ನೀರು ಹೊರುತ್ತಿದ್ದವರು ಅವರಲ್ಲ. ದೊಡ್ಡಮ್ಮ ಒಬ್ಬರೇ ಮಂಡಲ ಕಚೇರಿಗೆ ಹೋಗಿ, ಸವೆದ ವಾಷರನ್ನು ಮಂಡಲದ ಮುಖ್ಯಸ್ಥರಾದ ಪ್ರಧಾನರ ಮೇಜಿನ ಮೇಲಿಟ್ಟು ಬಂದರು. ಪಂಪು ದುರಸ್ತಿಯಾಯಿತು. ಮುಂದಿನ ಸಭೆಗಳಿಗೆ ದೊಡ್ಡಪ್ಪ ಹೋಗಲಿಲ್ಲ.

ಆ ಕಾಯ್ದೆಯಲ್ಲಿ ಕೊರತೆಗಳಿದ್ದವು. ತಾಲ್ಲೂಕು ಪಂಚಾಯಿತಿ ಸಮಿತಿಗೆ ನೇರ ಚುನಾವಣೆ ಇರಲಿಲ್ಲ, ಮಂಡಲಗಳ ಕೈಯಲ್ಲಿ ಹಣ ಸಾಲುತ್ತಿರಲಿಲ್ಲ. ತಿದ್ದಿಕೊಳ್ಳಬಹುದಾಗಿತ್ತು. ತಿದ್ದುವುದಕ್ಕಿಂತ ಅದನ್ನು ಮುಗಿಸಿಬಿಡಬೇಕೆಂಬ ಆಸೆ ಹಲವರಿಗಿತ್ತು, ಅದರಲ್ಲೂ ಶಾಸಕರಿಗೆ. ತಮ್ಮ ಕ್ಷೇತ್ರದ ರಸ್ತೆ, ಶಾಲೆ, ವರ್ಗಾವಣೆಗಳಲ್ಲಿ ಇನ್ನೊಬ್ಬ ಚುನಾಯಿತನ ಮಾತು ನಡೆಯುವುದನ್ನು ಅವರು ಸಹಿಸಲಿಲ್ಲ. ನಜೀರ್ ಸಾಬರೂ ಹೋದರು, ಹೆಗಡೆಯವರ ಸರ್ಕಾರವೂ ಹೋಯಿತು. ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಜನರು ಮತ್ತೆ ಜಿಲ್ಲಾ ಪಂಚಾಯಿತಿಗೆ ಮತ ಹಾಕುವ ಹೊತ್ತಿಗೆ 1995 ಬಂದಿತ್ತು.

2021ರ ನಂತರ ಕಂಡದ್ದೂ ಅದೇ ಚಾಳಿ. ಹಿಂದಿನ ಸಲ ಕನಿಷ್ಠ ಸಂವಿಧಾನದ ಕಟ್ಟು ಇರಲಿಲ್ಲ. ಈಗ ಸಂವಿಧಾನದ 243ಇ ವಿಧಿ ಇದೆ: ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಅದು ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣ ಕೊಡುತ್ತಾರೆ. ಮೀಸಲಾತಿ ಸರಿಯಾಗಲೇಬೇಕು, ನಾನೇ ಅದರ ಫಲ ಉಂಡವನು. ಆದರೆ ವಿಧಾನಸಭೆಯ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲದೆ ರಾಜ್ಯ ನಡೆಸುತ್ತೇವೆ ಎಂದರೆ ಇವರಲ್ಲಿ ಒಬ್ಬರಾದರೂ ಸುಮ್ಮನಿರುತ್ತಿದ್ದರೇ?

ನಷ್ಟ ಯಾರಿಗೆ ಎಂದು ನೋಡಿ. ಸದಸ್ಯರಿಲ್ಲದ ಜಿಲ್ಲಾ ಪಂಚಾಯಿತಿಯಲ್ಲಿ ಕ್ರಿಯಾಯೋಜನೆಗೆ ಆಡಳಿತಾಧಿಕಾರಿ ಸಹಿ ಹಾಕುತ್ತಾರೆ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರದೇ ಮಾತು. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಕೇರಿಯ ರಸ್ತೆ, ಹಾಸ್ಟೆಲಿನ ಊಟದ ಬಗ್ಗೆ ಕೇಳಬೇಕಾದ ಸದಸ್ಯರೇ ಇಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು ಎಂದು ಹೆಮ್ಮೆಪಡುವ ರಾಜ್ಯದಲ್ಲಿ ಆ ಸ್ಥಾನಗಳನ್ನೇ ಖಾಲಿ ಬಿಟ್ಟರು. ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಕಲಿತು ಮೇಲಿನ ಹಂತಕ್ಕೆ ನಿಲ್ಲಬೇಕಿದ್ದ ಒಂದು ತಲೆಮಾರು ಕಾದು ಕಾದು ಮನೆಗೆ ಹೋಯಿತು.

ನಜೀರ್ ಸಾಬರ ಹೆಸರಿನಲ್ಲಿ ಇನ್ನೊಂದು ಭವನವಾಗಲಿ, ಪ್ರತಿಮೆಯಾಗಲಿ ಬೇಡ. ಮುಂದಿನ ಸಲ ನಿಮ್ಮ ಊರಿನ ವೇದಿಕೆಯಲ್ಲಿ ಶಾಸಕರೋ ಮಂತ್ರಿಗಳೋ ಅವರ ಫೋಟೊಗೆ ಹಾರ ಹಾಕಲು ಬಂದರೆ ಎದ್ದು ನಿಂತು ಎರಡು ಪ್ರಶ್ನೆ ಕೇಳಿ: 2021ರಲ್ಲಿ ಆಗಬೇಕಿದ್ದ ಚುನಾವಣೆಯ ಬಗ್ಗೆ ನೀವು ಸದನದಲ್ಲಿ ಒಂದು ಸಲವಾದರೂ ದನಿ ಎತ್ತಿದ್ದೀರಾ? ಎತ್ತಿದ್ದರೆ ಯಾವತ್ತು, ಏನೆಂದು?